ರವಿವಾರ ಪೇಟೆಯ ಹೊಸ ಪಗಡೆ

ಮೈಸೂರು ಸೀಮೆಯವರ ಭಾನುವಾರವು ಉತ್ತರ ಕರ್ನಾಟಕಕ್ಕೆ ಬಂದೊಡನೆ ರವಿವಾರವಾಗುತ್ತದೆ. ಬೆಳಗಾವಿಯಲ್ಲಿಯಂತೂ ಅದು ಪಂಚಾಂಗದಿಂದ ಇಳಿದು ಬಂದು ಒಂದು ಬೀದಿಯಲ್ಲಿಯೇ ನೆಲೆಸಿಬಿಟ್ಟಿದೆ. ವಾರಗಳ ಹೆಸರನ್ನು ಹೊತ್ತ ಪೇಟೆಗಳು ಪುಣೆಯಲ್ಲಿಯೂ ಉಂಟು; ಈ ಊರಿನಲ್ಲಿಯೇ ಶನಿವಾರ ಖೂಟವುಂಟು, ಟಿಳಕವಾಡಿಯ ಕಡೆಗೆ ಮಂಗಳವಾರ ಪೇಟೆ, ಶುಕ್ರವಾರ ಪೇಟೆಗಳುಂಟು. ಆದರೆ ರವಿವಾರ ಪೇಟೆಯ ಸೊಗಸೇ ಬೇರೆ. ಅದರ ಹೆಸರು ವಿಶ್ರಾಂತಿಯ ವಾರದ್ದು; ಬದುಕು ಮಾತ್ರ ದುಡಿಮೆಯದು.

ಇದು ಕಿರಾಣಿಯ ಸಗಟು ಪೇಟೆ. ಬೀದಿಯನ್ನು ಕಣ್ಣಿಗಿಂತ ಮೊದಲು ಮೂಗು ಗುರುತಿಸುತ್ತದೆ. ಮೆಣಸಿನಕಾಯಿಯ ಘಾಟು, ಬೆಲ್ಲದ ಸಿಹಿ, ಗೋಣಿಚೀಲದ ಧೂಳು ಇವು ಮೂರೂ ಕೂಡಿಯೇ ಬರುತ್ತವೆ. ಚೀಲ ಹೊತ್ತ ಹಮಾಲರು ‘ಬಾಜೂ ಬಾಜೂ’ ಎನ್ನುತ್ತ ದಾರಿ ಬಿಡಿಸಿಕೊಳ್ಳುತ್ತಾರೆ. ಒಂದು ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದ ದರಕ್ಕೆ ಮರಾಠಿಯಲ್ಲಿ ಉತ್ತರ ಬರುತ್ತದೆ. ಉರ್ದುವಿನಲ್ಲಿ ಚೌಕಾಶಿ ನಡೆದು, ಲೆಕ್ಕ ಮಾತ್ರ ಯಾರ ಭಾಷೆಯಲ್ಲಿ ಮುಗಿಯಿತೆಂದು ಹೇಳಲು ಬಾರದು. ಹಳ್ಳಿಗಳ ಅಂಗಡಿಕಾರರು, ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರಿನಾಚೆಯ ಖಾನಾಪುರದ ಕಡೆಯವರೂ, ಯಾದಿ ಹಿಡಿದುಕೊಂಡು ಇಂಥ ಪೇಟೆಗೆ ಬರುವುದು ಹಳೆಯ ರೂಢಿ.

ಇಂತಹ ಬೀದಿಯಲ್ಲಿ ಆಟಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿಗೆ ಹೋದವರು ಹಾಗೆ ಕೇಳಲಾರರು. ವ್ಯಾಪಾರ ತುಸು ತಗ್ಗಿ, ಕೈಗಾಡಿಗಳು ಗೋಡೆಗೆ ಒರಗಿದಾಗ, ಬುತ್ತಿ ಮುಗಿಸಿದವರ ಅಂಗಿಯ ಜೇಬಿನಿಂದ ಮೊಬೈಲ್ ಫೋನು ಹೊರಗೆ ಬರುತ್ತದೆ. ಆಗ ಪೇಟೆಯೊಳಗೆ ಮತ್ತೊಂದು ಪೇಟೆ ತೆರೆಯುತ್ತದೆ.

ಕಾಯಿ ಹಣ್ಣಾಗುವ ಆಟ

ದುಡಿಯುವವರ ನಡುವೆ ಹೆಚ್ಚು ಮೆಚ್ಚುಗೆ ಪಡೆದಿರುವುದು ಲೂಡೋ. ಒಂದೇ ಫೋನನ್ನು ಚೀಲದ ಮೇಲಿಟ್ಟು ನಾಲ್ವರು ಸುತ್ತ ಕುಳಿತರೆ ಸಾಕು, ಆಟ ಸಾಗುತ್ತದೆ. ದಾಳವನ್ನು ಯಂತ್ರವೇ ಉರುಳಿಸುತ್ತದೆ. ಆರು ಬಿದ್ದರೆ ಕಾಯಿ ಮನೆಯಿಂದ ಹೊರಡುತ್ತದೆ. ಎದುರಾಳಿಯ ಕಾಯಿಯನ್ನು ಹೊಡೆದಾಗ ಏಳುವ ನಗೆಗೆ ಮಾತ್ರ ಯಂತ್ರ ಬೇಕಾಗಿಲ್ಲ.

ಈ ಆಟವು ಹೊರನಾಡಿನದೆಂದು ಭಾವಿಸುವವರಿದ್ದಾರೆ. ನಿಜದಲ್ಲಿ ಇದು ತವರಿಗೆ ಮರಳಿದ ಮಗಳು. ನಮ್ಮ ಪಗಡೆ ಪಚ್ಚೀಸುಗಳನ್ನೇ ಇಂಗ್ಲೆಂಡಿನವರು ಸರಳಗೊಳಿಸಿ, 1896ರಲ್ಲಿ ಲೂಡೋ ಎಂಬ ಹೆಸರಿನಿಂದ ಸ್ವಾಮ್ಯ ಪಡೆದರು. ಅಕ್ಬರನ ಫತೇಪುರ ಸಿಕ್ರಿಯಲ್ಲಿ ಪಚ್ಚೀಸಿಯ ಹಾಸು ಇಂದಿಗೂ ಅಂಗಳದ ಕಲ್ಲಿನಲ್ಲಿದೆ. ಆ ಮಗಳನ್ನು ಮತ್ತೆ ಕರೆತಂದುದು ನವಿ ಮುಂಬಯಿಯ ಒಂದು ಸಂಸ್ಥೆ. ವಿಕಾಸ ಜಯಸ್ವಾಲ್ ಎಂಬವರು 2016ರಲ್ಲಿ ಹೊರತಂದ ‘ಲೂಡೋ ಕಿಂಗ್’, 2020ರ ಲಾಕ್‌ಡೌನಿನ ಕಾಲಕ್ಕೆ ಮನೆಮನೆಯ ಆಟವಾಯಿತು. ಅದನ್ನು ಇಳಿಸಿಕೊಂಡವರು ಹತ್ತು ಕೋಟಿಗೂ ಮಿಕ್ಕಿದ್ದಾರೆ. ಕವಡೆ ಹಾಕಿ ಚೌಕಾಬಾರ ಆಡಿದ ಅಜ್ಜಿಗೆ ಇದನ್ನು ಕಲಿಸುವ ಗೋಜೇ ಇಲ್ಲ. ಮನೆ ಮುಟ್ಟಿದ ಕಾಯಿಗೆ ಆಕೆ ಇಂದಿಗೂ ‘ಹಣ್ಣಾತು’ ಎಂದೇ ಹೇಳುತ್ತಾಳೆ.

ಶಾಕಾಹಾರಿಗಳ ‘ಚಿಕನ್ ಡಿನ್ನರ್’

ಅಂಗಡಿಗಳ ಒಳಭಾಗದಲ್ಲಿ, ಗಾದಿಯ ಹಿಂದೆ, ಕಾಲೇಜಿನಿಂದ ಬಂದ ಮಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತಿದ್ದರೆ ಅವನ ಆಟ ಬೇರೆ. ಅದು ಬಿಜಿಎಂಐ ಇರಬೇಕು, ಇಲ್ಲವೆ ಫ್ರೀ ಫೈರ್ ಮ್ಯಾಕ್ಸ್. ಮೊದಲನೆಯದರ ಮೂಲ ಪಬ್‌ಜಿ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಎಂಬವರ ಕಲ್ಪನೆಯಿಂದ ಹುಟ್ಟಿ, 2018ರಲ್ಲಿ ಮೊಬೈಲಿಗೆ ಇಳಿದ ಆಟವದು. ನೂರು ಜನರನ್ನು ವಿಮಾನದಿಂದ ಒಂದು ದ್ವೀಪಕ್ಕೆ ಇಳಿಸುತ್ತಾರೆ. ಬರಿಗೈಯಲ್ಲಿ ಬಂದವರು ಶಸ್ತ್ರಗಳನ್ನು ಹುಡುಕಿಕೊಳ್ಳಬೇಕು. ಸುತ್ತಲಿನ ವೃತ್ತವು ಕ್ಷಣಕ್ಷಣಕ್ಕೆ ಕಿರಿದಾಗುತ್ತ ಎಲ್ಲರನ್ನೂ ಒಂದೆಡೆಗೆ ನೂಕುತ್ತದೆ. ಕೊನೆಗೆ ಉಳಿದವರೇ ಗೆದ್ದವರು. ಗೆದ್ದಾಗ ಪರದೆಯ ಮೇಲೆ ‘ಚಿಕನ್ ಡಿನ್ನರ್’ ಎಂಬ ಘೋಷಣೆ ಮೂಡುತ್ತದೆ. ಈರುಳ್ಳಿಯನ್ನು ಕೂಡ ವಾರ ನೋಡಿ ತಿನ್ನುವ ಮನೆಗಳ ಹುಡುಗರು ಆ ಊಟಕ್ಕಾಗಿ ನಿದ್ರೆಗೆಡುವುದು ಈ ಕಾಲದ ಸೋಜಿಗಗಳಲ್ಲೊಂದು.

ಸರಕಾರದೊಡನೆ ಈ ಆಟಗಳ ಸಂಬಂಧವೂ ಕಣ್ಣುಮುಚ್ಚಾಲೆಯಂತೆಯೇ ನಡೆದಿದೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷಿದ್ಧವಾಯಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೊಸ ಹೆಸರು ಧರಿಸಿ ಬಂದಿತು. 2022ರ ಜುಲೈನಲ್ಲಿ ಮತ್ತೆ ಮರೆಯಾಯಿತು. 2023ರ ಮೇ ತಿಂಗಳಲ್ಲಿ, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ತಾಸು ಎಂಬ ಕಟ್ಟಳೆಯೊಡನೆ ಮರಳಿತು. ಸಿಂಗಾಪುರದ ಸಂಸ್ಥೆಯ ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷಿದ್ಧವಾದರೂ, ಅದರ ಅಣ್ಣನಾದ ಮ್ಯಾಕ್ಸ್ ಉಳಿದುಕೊಂಡಿತು. ಇದರಲ್ಲಿ ಪಂದ್ಯ ಚಿಕ್ಕದು, ಐವತ್ತು ಜನ, ಸುಮಾರು ಹತ್ತು ನಿಮಿಷ. ಬಡವರ ಮನೆಯ ಮಕ್ಕಳೂ ಅದನ್ನು ಅಪ್ಪಿಕೊಂಡುದಕ್ಕೆ ಕಾರಣ, ಮೂಲ ಫ್ರೀ ಫೈರ್ ಅಗ್ಗದ ಫೋನಿನಲ್ಲಿಯೂ ಓಡುತ್ತಿತ್ತು.

ನಾಲ್ವರು ಕೂಡಿ ಒಂದು ತಂಡವಾಗುವುದು ಈ ಆಟಗಳ ರೀತಿ. ತಂಡದಲ್ಲಿ ಒಬ್ಬನು ಗಲ್ಲಿಯ ಗೆಳೆಯ, ಒಬ್ಬನು ಕೊಲ್ಹಾಪುರದವನು, ಮತ್ತೊಬ್ಬನು ಮುಖವನ್ನೇ ಕಂಡರಿಯದವನು ಆಗಿರಬಹುದು. ಗಡಿಯ ವಾದವು ದಶಕಗಳಿಂದ ಬಗೆಹರಿಯದ ಈ ಊರಿನಲ್ಲಿ, ಗುಂಡೇಟು ತಿಂದ ಗೆಳೆಯನನ್ನು ಎತ್ತಿ ನಿಲ್ಲಿಸುವಾಗ ಅವನು ಯಾವ ಭಾಷೆಯವನೆಂದು ಯಾರೂ ಕೇಳುವುದಿಲ್ಲ.

ಮನೆಯೊಳಗಿನ ಆಟಗಳು

ಅಂಗಡಿಯ ಮೇಲಂತಸ್ತಿನ ಮನೆಗಳಲ್ಲಿ ಬಣ್ಣಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುವ ‘ಕ್ಯಾಂಡಿ ಕ್ರಶ್’ ಗೃಹಿಣಿಯರ ಮಧ್ಯಾಹ್ನವನ್ನು ಹಗುರಗೊಳಿಸುತ್ತದೆ. ಅದೂ, ರೈಲುಹಳಿಯ ಮೇಲೆ ಓಡುವ ಮಕ್ಕಳ ‘ಸಬ್‌ವೇ ಸರ್ಫರ್ಸ್’ ಕೂಡ 2012ರಲ್ಲಿ ಹುಟ್ಟಿದವು, ಇನ್ನೂ ಮುಪ್ಪಾಗಿಲ್ಲ. ಕ್ರಿಕೆಟ್ಟಿನ ಹುಚ್ಚಿನವರಿಗೆ ಚೆನ್ನೈಯಲ್ಲಿ ತಯಾರಾದ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್’ ಉಂಟು. 2024ರ ಡಿಸೆಂಬರಿನಲ್ಲಿ ಹದಿನೆಂಟರ ಗುಕೇಶನು ಸಿಂಗಾಪುರದಲ್ಲಿ ವಿಶ್ವವಿಜೇತನಾದ ಬಳಿಕ, ಫೋನಿನಲ್ಲಿ ಚದುರಂಗವಾಡುವ ಮಗನನ್ನು ತಂದೆತಾಯಿಗಳು ತುಸು ಗೌರವದಿಂದ ನೋಡಿದರೆ ಆಶ್ಚರ್ಯವಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಊರುಗಳನ್ನೇ ಕಟ್ಟುವ ‘ಮೈನ್‌ಕ್ರಾಫ್ಟ್’ ಜಗತ್ತಿನಲ್ಲಿ ಮೂವತ್ತು ಕೋಟಿಗೂ ಮೀರಿ ಮಾರಾಟವಾಗಿದೆ; ಅದರ ಗಣಕ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆಯೆಂಬುದು ಸಂತೋಷದ ಸಂಗತಿ.

ಈ ವಂಶಕ್ಕೆ ದೀರ್ಘ ಚರಿತ್ರೆಯಿಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಅಣು ಪ್ರಯೋಗಶಾಲೆಯಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿಯು ನೋಡಲು ಬಂದವರಿಗೆ ಬೇಸರವಾಗದಿರಲೆಂದು ಒಂದು ಪುಟ್ಟ ಪರದೆಯ ಮೇಲೆ ಟೆನ್ನಿಸ್ ಆಡಿಸಿದನು. 1985ರಲ್ಲಿ ಜಪಾನಿನ ಮಾರಿಯೋ ದೂರದರ್ಶನದ ಪೆಟ್ಟಿಗೆಯೊಳಗೆ ಜಿಗಿದನು. 1997ರಲ್ಲಿ ನೋಕಿಯಾ ಫೋನಿನೊಳಕ್ಕೆ ಹಾವು ಹರಿದು ಬಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲವನ್ನು ಅಗ್ಗಗೊಳಿಸಿದ ಮೇಲೆ, ಹಮಾಲನ ಮಗನೂ ಸಾಹುಕಾರನ ಮಗನೂ ಒಂದೇ ದ್ವೀಪದಲ್ಲಿ ಇಳಿಯುವಂತಾಯಿತು. ಆದರೂ ಖಾನಾಪುರದಾಚೆ, ಮಲಪ್ರಭೆ ಹುಟ್ಟುವ ಕಣಕುಂಬಿಯತ್ತ ಭೀಮಗಡದ ಕಾಡು ದಟ್ಟವಾಗುತ್ತ ಹೋದಂತೆ ಫೋನಿನ ಸಂಕೇತವೂ ತೆಳುವಾಗುತ್ತದೆ. ಅಲ್ಲಿ ನೂರು ಜನರ ಯುದ್ಧ ಸಾಗದು; ಜಾಲದ ಹಂಗಿಲ್ಲದ ಲೂಡೋ ಮಾತ್ರ ಸಾಗುತ್ತದೆ.

ಪಣವೆಂಬ ವಿಷ

ಆಟಕ್ಕೆ ನೆರಳೂ ಉಂಟು. 2019ರಲ್ಲಿ ಬೆಳಗಾವಿಯ ಪರಿಸರದಲ್ಲಿಯೇ ಮೊಬೈಲ್ ಆಟದ ವಿಷಯವಾಗಿ ಎದ್ದ ಕಲಹವೊಂದು ತಂದೆಯ ಸಾವಿನಲ್ಲಿ ಕೊನೆಗೊಂಡ ವಾರ್ತೆ ದೇಶವನ್ನೇ ನಡುಗಿಸಿತು. ಅಂತಹ ದುರಂತಕ್ಕೆ ಆಟವೊಂದನ್ನೇ ಹೊಣೆಯಾಗಿಸುವುದು ಸುಲಭ, ಸರಿಯೆನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ‘ಆಟದ ವ್ಯಸನ’ವನ್ನು ರೋಗಗಳ ಪಟ್ಟಿಗೆ ಸೇರಿಸುವಾಗ ಮೂರು ಲಕ್ಷಣಗಳನ್ನು ಹೇಳಿತು: ಆಟದ ಮೇಲೆ ಹಿಡಿತ ತಪ್ಪುವುದು, ಮಿಕ್ಕೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು. ಇವು ಸಾಮಾನ್ಯವಾಗಿ ವರುಷಕಾಲ ಮುಂದುವರಿದರೆ ಮಾತ್ರ ಅದು ರೋಗ. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಪಂದ್ಯವಾಡಿದವನೆಲ್ಲ ರೋಗಿಯಲ್ಲ. ನಿಜವಾಗಿ ಸಿಕ್ಕಿಬಿದ್ದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಷ್ಟು ಹಿಂದೆಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ.

ಇದಕ್ಕಿಂತ ಸದ್ದಿಲ್ಲದೆ ಮನೆಗಳನ್ನು ಸುಟ್ಟುದು ಹಣದ ಆಟ. ರಮ್ಮಿ, ಪೋಕರ್, ಕಾಲ್ಪನಿಕ ಕ್ರಿಕೆಟ್ ತಂಡ ಎಂದು ಅದಕ್ಕೆ ನೂರು ವೇಷ. ಕರ್ನಾಟಕ ಸರಕಾರವು 2021ರಲ್ಲಿ ಅದನ್ನು ನಿಷೇಧಿಸಿತಾದರೂ, 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆ ಮಾಡಿತು. ಅದು ಆಟಗಳನ್ನು ಮೂರಾಗಿ ವಿಂಗಡಿಸುತ್ತದೆ: ಕ್ರೀಡೆಯೆನಿಸುವ ಇ-ಸ್ಪೋರ್ಟ್ಸ್, ವಿನೋದದ ಆಟ, ಹಣದ ಆಟ. ಮೊದಲೆರಡಕ್ಕೆ ಪ್ರೋತ್ಸಾಹ, ಮೂರನೆಯದಕ್ಕೆ ನಿಷೇಧ. ಹಣದ ಆಟವನ್ನು ನಡೆಸಿದವರಿಗೆ ಮೂರು ವರುಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಆಡಿ ಕಳೆದುಕೊಂಡವನಿಗೆ ಶಿಕ್ಷೆಯಿಲ್ಲ. ಧರ್ಮರಾಯನ ಕಥೆಯನ್ನು ಬಲ್ಲ ನಾಡಿಗೆ ಈ ವಿಂಗಡಣೆ ಹೊಸದಲ್ಲ. ಅವನನ್ನು ಕಾಡಿಗಟ್ಟಿದುದು ದಾಳವಲ್ಲ, ಪಣ.

ಒಂದು ಪಂದ್ಯದ ಅವಧಿ

ಕಾಯಿದೆಯು ಮಾಡಿದ ವಿಂಗಡಣೆಯನ್ನು ಮನೆಯೂ ಮಾಡಬೇಕಲ್ಲವೆ? ರವಿವಾರ ಪೇಟೆಯ ಅಂಗಡಿಗಳಲ್ಲಿ ನಿತ್ಯವೂ ಕೇಳಿಬರಬಹುದಾದ ಸಂಭಾಷಣೆಯೊಂದುಂಟು.

“ಏ ತಮ್ಮಾ, ಗಿರಾಕಿ ಬಂದಾರ, ಬಾ ಇಲ್ಲಿ.”

“ಅಪ್ಪಾ, ಒಂದ ಮ್ಯಾಚ್ ಉಳದೈತ್ರಿ, ಮುಗಿಸಿ ಬಂದೆ.”

“ನಿನ್ನ ಮ್ಯಾಚ್ ಮುಗಿಯೂದ್ರಾಗ ಗಿರಾಕಿ ಬ್ಯಾರೆ ಅಂಗಡಿ ಸೇರ್ತಾರ!”

ಇಲ್ಲಿ ಇಬ್ಬರೂ ಸುಳ್ಳಾಡುತ್ತಿಲ್ಲ. ಲೂಡೋವನ್ನು ನಡುವೆ ನಿಲ್ಲಿಸಬಹುದು. ದೇಶದ ನಾನಾ ಮೂಲೆಗಳಿಂದ ಕೂಡಿದವರ ಪಂದ್ಯವನ್ನು ನಿಲ್ಲಿಸಲಾಗದು. ನಡುವೆ ಎದ್ದವನು ತನ್ನ ಮೂವರು ಗೆಳೆಯರನ್ನು ಕೈಬಿಟ್ಟಂತೆ. ಇದನ್ನರಿಯದ ತಂದೆ ಫೋನನ್ನು ಕಸಿದುಕೊಂಡರೆ ಮಗನ ಕಣ್ಣಿಗೆ ಅದು ಅನ್ಯಾಯ. ಗಿರಾಕಿ ನಿಂತಿರುವುದನ್ನು ಮಗನು ಲೆಕ್ಕಿಸದಿದ್ದರೆ ತಂದೆಯ ಕಣ್ಣಿಗೆ ಅದು ಅವಿಧೇಯತೆ. ಬಹುಪಾಲು ಜಗಳಗಳು ಇಷ್ಟರಿಂದಲೇ ಹೊತ್ತಿಕೊಳ್ಳುತ್ತವೆ. ಪಂದ್ಯ ಹತ್ತು ನಿಮಿಷದ್ದೋ ಅರ್ಧ ತಾಸಿನದೋ ಎಂದು ತಂದೆ ತಿಳಿದುಕೊಂಡು, ಎಷ್ಟು ಪಂದ್ಯವೆಂದು ಮೊದಲೇ ಗೊತ್ತುಮಾಡಿದರೆ, ಮಗನೂ ಆ ಮಾತಿಗೆ ಕಟ್ಟುಬೀಳುತ್ತಾನೆ.

ಹಾಗೆ ನೋಡಿದರೆ ಇದು ಈ ಪೇಟೆಗೆ ಹೊಸ ವಿದ್ಯೆಯೇನೂ ಅಲ್ಲ. ಮಾಲನ್ನು ತೂಗಿ ಕೊಡುವುದು, ಮಾತನ್ನು ಅಳೆದು ಆಡುವುದು, ಸಂಜೆಗೆ ಲೆಕ್ಕ ಹೊಂದಿಸದೆ ಕದ ಮುಚ್ಚದಿರುವುದು ಇಲ್ಲಿಯ ಹಿರಿಯರ ಕಸಬು. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಆಟವನ್ನೂ ಇನ್ನೊಂದರಲ್ಲಿ ಹೊತ್ತನ್ನೂ ಇಟ್ಟು ತೂಗಲು ಮಕ್ಕಳಿಗೆ ಕಲಿಸಿದರೆ, ದ್ವೀಪದಲ್ಲಿ ಯಾರು ಗೆದ್ದರೂ ಮನೆಯಲ್ಲಿ ಯಾರೂ ಸೋಲುವುದಿಲ್ಲ.