ಔಷಧ ನಿಂತ ಮೇಲೆ

ಚಾಮರಾಜಪೇಟೆಯ ಆ ವೃದ್ಧ ಶ್ರಾವಕಿಯು ಕಿದ್ವಾಯಿ ಆಸ್ಪತ್ರೆಯಲ್ಲಿ ಕೊನೆಯ ಕೀಮೋಥೆರಪಿ ಮುಗಿಸಿ ಮರಳಿದ ದಿನ ಮನೆಯವರು ಪಾಯಸ ಮಾಡಿದ್ದರು. ಬಾಯಿಹುಣ್ಣಿನಿಂದ ಒಂದು ಚಮಚವೂ ಇಳಿಯಲಿಲ್ಲ. ಔಷಧ ನಿಂತ ದಿನವೇ ಅದರ ಪರಿಣಾಮ ನಿಲ್ಲುವುದಿಲ್ಲವಷ್ಟೆ. ಬಿಳಿ ರಕ್ತಕಣಗಳು ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ ತೀರ ಇಳಿಯುತ್ತವೆ; ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಆಯಾಸ, ಬೆರಳುಗಳ ಜೋಮು ತಿಂಗಳುಗಟ್ಟಲೆ ಉಳಿಯಬಹುದು. ಜಪಮಣಿಗಳು ಬೆರಳಿಗೆ ತಿಳಿಯದೆ ಆಕೆ ಕಣ್ಣಿನಿಂದ ನೋಡಿ ಎಣಿಸಬೇಕಾಯಿತು.

ಅದಕ್ಕಿಂತ ಮಿಗಿಲಾಗಿ ಕಾಡಿದ್ದು ವ್ರತದ ಚಿಂತೆ. 40 ವರ್ಷಗಳಿಂದ ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದವರಿಗೆ, ರಾತ್ರಿಯೂ ಗುಟುಕು ಗುಟುಕಾಗಿ ನೀರು ಕುಡಿಯಬೇಕೆಂದು ವೈದ್ಯರು ಹೇಳಿದ್ದರು. ಒಂದು ರಾತ್ರಿ ವಾಂತಿಯಾದರೂ ಕುಡಿಯದೆ ಮಲಗಿದರು; ಬೆಳಗ್ಗೆ ತಲೆಸುತ್ತಿ ಬಿದ್ದರು.

ತತ್ತ್ವಾರ್ಥಸೂತ್ರವು 22 ಪರೀಷಹಗಳಲ್ಲಿ ರೋಗವನ್ನೂ ಎಣಿಸಿದೆ. ಅದೇ ಗ್ರಂಥವು ತ್ಯಾಗ, ತಪಸ್ಸುಗಳು ಶಕ್ತಿಗೆ ತಕ್ಕಂತಿರಬೇಕೆಂದೂ ಹೇಳಿದೆ. ರೋಗವನ್ನು ಸಹಿಸುತ್ತಿರುವ ಶರೀರಕ್ಕೆ ಬಾಯಾರಿಕೆಯನ್ನೂ ಹೊರಿಸುವುದು ಶಕ್ತಿಗೆ ತಕ್ಕ ತಪಸ್ಸೆನಿಸದು.

ಅಂದು ಸಂಜೆ ಸೊಸೆಯು ಹಗಲಿನಲ್ಲೇ ಸೋಸಿ ಕಾಯಿಸಿದ ನೀರನ್ನು ಫ್ಲಾಸ್ಕಿನಲ್ಲಿ ತಂದಿಟ್ಟು, “ಅತ್ತೆ, ಗುಣವಾದ ಮೇಲೆ ಗುರುಗಳಲ್ಲಿ ಪ್ರಾಯಶ್ಚಿತ್ತ ಕೇಳೋಣ. ಈಗ ಕುಡಿಯಿರಿ” ಎಂದಳು. ಆಕೆ ಣಮೋಕಾರ ಮಂತ್ರ ಹೇಳಿ ಕುಡಿದರು; ಕಣ್ಣು ತುಂಬಿತ್ತು.

ದಶಲಕ್ಷಣ ಪರ್ವದಲ್ಲಿ “ಎಷ್ಟು ಉಪವಾಸ ಮಾಡಿದಿರಿ?” ಎಂದು ಇಂಥವರನ್ನು ಕೇಳದಿರುವುದು ಲೇಸು. ಹೊತ್ತು ಮುಳುಗುವ ಮುನ್ನ ಅವರಿಗೊಂದು ಲೋಟ ತೆಳು ಗಂಜಿ ತಲುಪಿಸಿದರೆ, ಅದು ವೈಯಾವೃತ್ಯ. ಶಾಸ್ತ್ರವು ಅದನ್ನೂ ತಪಸ್ಸೆಂದೇ ಎಣಿಸಿದೆ.