ಎಡದ ಪರದೆ, ಬಲದ ಪರದೆ

ಕಿಟಕಿಗೆ ನಮ್ಮಲ್ಲಿ ಗವಾಕ್ಷವೆಂಬ ಹೆಸರೂ ಉಂಟು. ಗೋವಿನ ಕಣ್ಣು ಎಂದು ಅದರ ಅರ್ಥ. ಇಂಗ್ಲಿಷಿನ ವಿಂಡೋ ಎಂಬ ಮಾತು ಹುಟ್ಟಿದ ಹಳೆಯ ನಾರ್ಸ್ ಭಾಷೆಯಲ್ಲಿ ಅದು ಗಾಳಿಯ ಕಣ್ಣು. ಗಣಕಯಂತ್ರದ ಕಿಟಕಿಗೆ ಗಾಳಿಯ ಹಂಗಿಲ್ಲ. ಕಣ್ಣಿನ ಹಂಗು ಮಾತ್ರ ಬಲವಾಗಿದೆ. ಪುಸ್ತಕದ ಪುಟ ಕಟ್ಟುವ ಕೆಲಸದವರಿಗೆ ಅದು ಎಷ್ಟೆಂಬುದು ಸಂಜೆಯ ಹೊತ್ತಿಗೆ ಕತ್ತಿನ ನರಗಳಲ್ಲಿ ತಿಳಿಯುವುದು.

ಮೊದಮೊದಲು ಈ ಕಿಟಕಿಗಳು ಬಹಳ ಸಭ್ಯವಾಗಿದ್ದುವು. 1985ರ ಮೊದಲನೆಯ ವಿಂಡೋಸಿನಲ್ಲಿ ಅವು ಒಂದರ ಮೇಲೊಂದು ಬೀಳದೆ, ಪಂಕ್ತಿಯ ಎಲೆಗಳಂತೆ ಪಕ್ಕಪಕ್ಕದಲ್ಲಿ ಇರುತ್ತಿದ್ದುವು. 1987ರ ಎರಡನೆಯ ಆವೃತ್ತಿಯಲ್ಲಿ ಹೇರಿಕೊಳ್ಳುವ ಸ್ವಾತಂತ್ರ್ಯ ದೊರೆಯಿತು. ಅದೇ ವರ್ಷ ಬಂದ ಎರಡನೆಯ ಮ್ಯಾಕಿಂತಾಷಿಗೆ ಒಂದಕ್ಕಿಂತ ಹೆಚ್ಚು ಪರದೆಗಳನ್ನು ಹೂಡಬಹುದಾಗಿತ್ತು.

ಎರಡನೆಯ ಪರದೆ ಬಂದರೆ ಕೆಲಸ ಇಮ್ಮಡಿಯಾಗುವುದೆಂದು ಹೇಳುವವರುಂಟು. ಇಮ್ಮಡಿಯಾಗುವುದು ಸ್ಥಳವೇ ಹೊರತು ಕೆಲಸವಲ್ಲ. ಸ್ಥಳ ಕಂಡಲ್ಲಿ ಸಾಮಾನು ಹರಡುವುದು ಮನುಷ್ಯಸ್ವಭಾವವಾದುದರಿಂದ, ಇನ್‌ಡಿಸೈನಿನ ಹತ್ತಾರು ಪ್ಯಾನೆಲುಗಳನ್ನು ಎಡದ ಪರದೆಯ ಮೂಲೆಮೂಲೆಗೂ ಚೆಲ್ಲಿ, ಬಲದ ಪರದೆಯಿಂದ ಅಲ್ಲಿಗೆ ಮೌಸನ್ನು ಓಡಿಸುತ್ತ ದಿನ ಕಳೆಯುವವರನ್ನು ನಾನು ಕಂಡಿದ್ದೇನೆ. ಸೀಸದ ಮೊಳೆಗಳ ಕಾಲದ ಜೋಡಣೆಗಾರರು ಇದಕ್ಕೆ ನಕ್ಕಾರು. ಅವರ ಕೇಸಿನಲ್ಲಿ ಹೆಚ್ಚು ಬಳಕೆಯ ಅಕ್ಷರದ ಮನೆ ಕೈಗೆ ಹತ್ತಿರ, ಅಪರೂಪದ್ದು ದೂರ. ಒತ್ತಕ್ಷರಗಳ ದೆಸೆಯಿಂದ ಮನೆಗಳು ಬಹಳವಾಗಿದ್ದ ಕನ್ನಡದ ಕೇಸಿನಲ್ಲಂತೂ ಈ ವಿವೇಕವಿಲ್ಲದೆ ಕೆಲಸ ಸಾಗುತ್ತಿರಲಿಲ್ಲ.

ಆ ಕ್ರಮವನ್ನೇ ನಾನು ಅನುಸರಿಸುವೆನು. ಪುಟವಿರುವ ಪರದೆ ಮುಖಕ್ಕೆ ನೇರವಾಗಿ. ಇನ್ನೊಂದು ಎಡಕ್ಕೆ, ಸ್ವಲ್ಪ ಒಳಮುಖವಾಗಿ. ಎರಡನ್ನೂ ಸಮನಾಗಿಟ್ಟು ನಡುವಣ ಚೌಕಟ್ಟಿಗೆ ಎದುರಾಗಿ ಕುಳಿತರೆ ಕತ್ತು ದಿನವೆಲ್ಲ ಓರೆಯಾಗಿಯೇ ಇರಬೇಕು. ಗಳಿಗೆಗೊಮ್ಮೆ ಬೇಕಾಗುವ ಪ್ಯಾನೆಲು ಪುಟದ ಪಕ್ಕದಲ್ಲಿಯೇ ಇರತಕ್ಕದ್ದು. ದಿನಕ್ಕೊಮ್ಮೆ ನೋಡುವುದು ಎಡದ ತುದಿಗೆ ಹೋಗಲಿ. ಹೀಗೆ ಕೂಡಿಸಿದುದನ್ನು ವರ್ಕ್‌ಸ್ಪೇಸ್ ಎಂದು ಹೆಸರಿಟ್ಟು ಉಳಿಸಿಕೊಳ್ಳಬಹುದು. ಬಣ್ಣವನ್ನು ಮಾತ್ರ ಒಂದೇ ಪರದೆಯಲ್ಲಿ ನಿರ್ಣಯಿಸುವುದು ಲೇಸು: ಸರಿಹೊಂದಿಸದ ಎರಡು ಪರದೆಗಳಿದ್ದರೆ, ಬಲದಲ್ಲಿ ಕುಂಕುಮವಾಗಿದ್ದುದು ಎಡಕ್ಕೆ ಸರಿದೊಡನೆ ಇಟ್ಟಿಗೆಯಾದೀತು.

ಆದರೆ ಎರಡನೆಯ ಪರದೆಯ ನಿಜವಾದ ಪ್ರಯೋಜನ ನನಗೆ ಮನದಟ್ಟಾದುದು ಒಂದು ಕೈಬರಹದಿಂದ. ತೀರಿಕೊಂಡ ಶಾಲಾ ಉಪಾಧ್ಯಾಯರೊಬ್ಬರು ತಮ್ಮ ಊರಿನ ಒಕ್ಕಲುಮಕ್ಕಳ ಮಾತುಗಳನ್ನು ಮೂರು ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಬೇರೆ ಪ್ರತಿಯಿಲ್ಲ, ಕೇಳೋಣವೆಂದರೆ ಬರೆದವರಿಲ್ಲ. ಹಾಳೆಗಳ ಚಿತ್ರ ತೆಗೆದು ಎಡದಲ್ಲಿಟ್ಟು, ಬಲದಲ್ಲಿ ಪುಟ ಕಟ್ಟತೊಡಗಿದೆವು. ಒಂದೇ ಪರದೆಯಿದ್ದರೆ ಬರಹದ ಕಿಟಕಿಯನ್ನು ಮರೆಮಾಡಿಯೇ ಪುಟದ ಕಿಟಕಿ ಮುಂದೆ ಬರುವುದು. ನಡುವಣ ಆ ಅರೆಕ್ಷಣ ಪದವು ನಮ್ಮ ನೆನಪಿನಲ್ಲಿ ಬಿಡಾರಮಾಡುವುದು. ಓದುಬರಹ ಬಲ್ಲವನ ನೆನಪೋ ದೊಡ್ಡ ಸುಧಾರಕ. ‘ಆಲು’ ಎಂದು ಕಂಡದ್ದನ್ನು ‘ಹಾಲು’ ಎಂದು ತಿದ್ದಿ ಕೈಗೆ ಕೊಡುವುದು. ಉಪಾಧ್ಯಾಯರು ವರ್ಷಗಟ್ಟಲೆ ಕಿವಿಗೊಟ್ಟು ಹಿಡಿದದ್ದು ಆ ಇಲ್ಲದ ಹಕಾರವನ್ನೇ! ಎರಡು ಕಿಟಕಿಗಳು ಒಂದೇ ಎತ್ತರದಲ್ಲಿ, ಸಾಲಿಗೆ ಸಾಲು ಎದುರಾಗಿ ನಿಂತರೆ, ನೆನಪಿಗೆ ನಡುವೆ ಬಾಯಿಹಾಕಲು ಎಡೆಯಿರದು.

ನನ್ನ ಜೊತೆಯ ತರುಣನಿಗೆ ಈ ಏರ್ಪಾಡು ಹಿಡಿಸಲಿಲ್ಲ. “ಎಡಗಡೆ ಪೂರ್ತಿ ಪುಟ, ಬಲಗಡೆ ಅದನ್ನೇ ದೊಡ್ಡದು ಮಾಡಿ ಇಟ್ಟುಕೊಳ್ಳೋಣ ಸಾರ್” ಎಂದನು. ಒಂದೇ ಕಡತವನ್ನು ಎರಡು ಕಿಟಕಿಗಳಲ್ಲಿ ತೆರೆಯುವ ಸೌಕರ್ಯ ಇನ್‌ಡಿಸೈನಿನಲ್ಲಿದೆ. ಮುಖಪುಟದ ಕೆಲಸಕ್ಕೆ ಅದು ಒಳ್ಳೆಯದೇ. ಇಲ್ಲಿ ನಾನು ಒಪ್ಪಲಿಲ್ಲ. ಎರಡು ದಿನ ಅವನು ಮುಖ ದಪ್ಪಮಾಡಿಕೊಂಡಿದ್ದನು.

ಕಡೆಗೆ ಎರಡು ಪದಗಳು ಓದಲಾಗದೆ ಉಳಿದುವು. ಉಪಾಧ್ಯಾಯರ ಪತ್ನಿಯವರನ್ನು ಕರೆಸಿದೆವು. ಆಕೆ ನಮ್ಮ ಅಂದವಾದ ಪುಟದತ್ತ ನೋಡದೆ ಎಡದ ಪರದೆಯ ಮುಂದೆಯೇ ಕುಳಿತು, “ಇನ್ನೊಂದಿಷ್ಟು ದೊಡ್ಡದು ಮಾಡಪ್ಪ” ಎಂದರು. ಮೊದಲನೆಯದನ್ನು ಓದಿ ನಕ್ಕು, “ಇದು ನಮ್ಮ ತೌರಿನ ಮಾತು, ನನ್ನ ಬಾಯಿಂದ ಕೇಳಿ ಬರಕೊಂಡವರೆ” ಎಂದರು. ಎರಡನೆಯದು ಆಕೆಗೂ ತಿಳಿಯಲಿಲ್ಲ. ಆ ಒಂದು ಹಾಳೆಯ ಚಿತ್ರವನ್ನು ಅಚ್ಚಿನ ಪುಟಕ್ಕೆ ಎದುರಾಗಿ ಇದ್ದಂತೆಯೇ ಮುದ್ರಿಸಬೇಕೆಂದು ಗೊತ್ತುಮಾಡಿದೆವು. ತರುಣನೇ ಅದಕ್ಕಾಗಿ ಎಡದ ಪುಟವನ್ನು ತೆರವುಮಾಡಿಟ್ಟನು.