ಟೋಪೋಶೀಟಿನಿಂದ ಉಪಗ್ರಹ ಚಿತ್ರದವರೆಗೆ: ಮಲೆನಾಡಿನ ಭೂಗೋಳ ವ್ಯಾಸಂಗ

1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಮೈಸೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದ್ದವು. ಭೂಗೋಳವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಬಯಸಿದ ಮಲೆನಾಡಿನ ವಿದ್ಯಾರ್ಥಿಗಳಿಗೆ ಆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯೇ ಸಹಜವಾದ ದಾರಿಯಾಗಿತ್ತು. ಆ ಕಾಲದ ಪ್ರಾಯೋಗಿಕ ತರಗತಿಗಳನ್ನು ಕಂಡವರು ಇಂದಿನ ಗಣಕಯಂತ್ರ ಪ್ರಯೋಗಾಲಯವನ್ನು ನೋಡಿದರೆ, ಬದಲಾಗಿರುವುದು ಉಪಕರಣ ಮಾತ್ರವಲ್ಲ, ನೆಲವನ್ನು ನೋಡುವ ಕ್ರಮವೇ ಎಂಬುದು ಸ್ಪಷ್ಟವಾಗುತ್ತದೆ.

ಆಗ ವ್ಯಾಸಂಗದ ಕೇಂದ್ರದಲ್ಲಿದ್ದುದು ಟೋಪೋಶೀಟ್, ಅಂದರೆ 1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣಾ ಇಲಾಖೆಯು ನೆಲದ ಏರುತಗ್ಗು, ಹಳ್ಳಕೊಳ್ಳ, ಕಾಡು ಮತ್ತು ಊರುಗಳನ್ನು ನಿಗದಿತ ಬಣ್ಣ, ಚಿಹ್ನೆಗಳಲ್ಲಿ ಗುರುತಿಸಿ ಮುದ್ರಿಸುವ ನಕ್ಷೆ. ಈ ಮೂರೂ ತಾಲ್ಲೂಕುಗಳ ಕೇಂದ್ರಗಳು 48 ಓ ಸರಣಿಯ ಹಾಳೆಗಳಲ್ಲಿ ಬರುತ್ತವೆ. ಸಮುದ್ರಮಟ್ಟದಿಂದ ಸಮಾನ ಎತ್ತರದಲ್ಲಿರುವ ಸ್ಥಳಗಳನ್ನು ಜೋಡಿಸುವ ಕಂದುಬಣ್ಣದ ಸಮೋನ್ನತಿ ರೇಖೆಗಳ ಮೇಲೆ ಕಾಗದದ ಪಟ್ಟಿಯ ಅಂಚನ್ನಿಟ್ಟು, ರೇಖೆ ಅಂಚನ್ನು ಮುಟ್ಟಿದಲ್ಲೆಲ್ಲ ಮೊನೆಚೂಪಾದ ಪೆನ್ಸಿಲಿನಿಂದ ಗುರುತು ಹಾಕಿ, ಆ ಗುರುತುಗಳನ್ನು ಗ್ರಾಫ್ ಹಾಳೆಗೆ ಇಳಿಸಿದಾಗ ಬೆಟ್ಟದ ಅಡ್ಡಸೀಳಿಕೆ ಮೂಡುತ್ತಿತ್ತು. ಪಟ್ಟಿ ಕೂದಲೆಳೆಯಷ್ಟು ಸರಿದರೂ ಕಣಿವೆಯ ಆಳ ಏರುಪೇರಾಗುತ್ತಿತ್ತು.

ಆದರೆ ಕಡಲತೀರದಿಂದ ಸುಮಾರು 80 ಕಿಲೋಮೀಟರ್ ಒಳಗಿನ ಪ್ರದೇಶದ ಹಾಳೆಗಳು ರಕ್ಷಣಾ ಕಾರಣಗಳಿಂದ ನಿರ್ಬಂಧಿತವಾಗಿದ್ದು, ಶೃಂಗೇರಿ, ಕೊಪ್ಪಗಳು ಆ ಪಟ್ಟಿಯೊಳಗೇ ಬೀಳುತ್ತಿದ್ದವು. ಬಯಲುಸೀಮೆಯ ಹಾಳೆಯನ್ನು ಅಂಗಡಿಯ ವಸ್ತುವಿನಂತೆ ಕೊಳ್ಳಬಹುದಾಗಿದ್ದ ಕಾಲದಲ್ಲಿ, ತುಂಗೆಯ ದಡದಲ್ಲಿ ಹುಟ್ಟಿ ಬೆಳೆದವರಿಗೆ ತಮ್ಮೂರಿನ ನಕ್ಷೆ ಅನುಮತಿಯಿಲ್ಲದೆ ಕೈಗೆ ಸಿಗುವಂತಿರಲಿಲ್ಲವೆಂಬುದು ನಿಜಕ್ಕೂ ನೋವಿನ ಸಂಗತಿ.

ಮುಕ್ಕಾಲಿಯ ಮೇಲೆ ಹಲಗೆಯನ್ನು ಸಮತಟ್ಟಾಗಿ ನಿಲ್ಲಿಸಿ, ದೃಷ್ಟಿಪಟ್ಟಿಯ ಮೂಲಕ ದೂರದ ಗುರುತನ್ನು ನೋಡಿ ಸ್ಥಳದಲ್ಲೇ ನಕ್ಷೆ ಬರೆಯುವ ಪ್ಲೇನ್ ಟೇಬಲ್ ಮೋಜಣಿಯು ಮೈಸೂರಿನ ಬಯಲಿನಲ್ಲಿ ಸುಲಭವಾಗಿತ್ತು; ಅಡಿಕೆಮರಗಳ ಸಾಲು ನಾಲ್ಕು ಮಾರಿನಾಚೆಯ ನೋಟವನ್ನೇ ತಡೆಯುವ ಮಲೆನಾಡಿನಲ್ಲಿ ಅದು ಬಹುತೇಕ ಅಸಾಧ್ಯವಾಗುತ್ತಿತ್ತು. ಅಷ್ಟಾದರೂ ಕ್ಷೇತ್ರಕಾರ್ಯದ ಫಲ ದೊಡ್ಡದು: ಭದ್ರಾ ಜಲಾಶಯದ ಹಿನ್ನೀರಿನ ಅಂಚಿನಲ್ಲಿ ನಿಂತವರಿಗೆ ಅಣೆಕಟ್ಟೆಗಿಂತ ಹಿಂದಿನ ಹಾಳೆಯಲ್ಲಿ ನೆಲವಾಗಿದ್ದುದು ಈಗ ನೀರಾಗಿರುವುದು ಕಣ್ಣಿಗೇ ಕಾಣುತ್ತಿತ್ತು.

2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕರಿಗಾಗಿ ಪ್ರತ್ಯೇಕ ಮುಕ್ತ ಸರಣಿಯನ್ನು ರೂಪಿಸಿತು. 2009ರಲ್ಲಿ ಇಸ್ರೋ ಸಂಸ್ಥೆಯ ಭುವನ್ ಜಾಲತಾಣ ಬಂದಿತು. ಸ್ಥಳದ ಮಾಹಿತಿಯನ್ನು ಪದರಪದರವಾಗಿ ಗಣಕದಲ್ಲಿ ಜೋಡಿಸುವ ಜಿಐಎಸ್ ತಂತ್ರಾಂಶಗಳು ಉಚಿತವಾಗಿಯೇ ದೊರೆಯತೊಡಗಿದವು. ಈ ಮುಕ್ತತೆ ಸ್ವಾಗತಾರ್ಹವೇ. ಆದರೆ ಆಕಾಶದಿಂದ ನೋಡಿದಾಗ ಮರಗಳ ನೆರಳಿನಲ್ಲಿ ಬೆಳೆದ ಕಾಫಿ, ಅಡಿಕೆತೋಟಕ್ಕೆ ಗೊಬ್ಬರದ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟ ಮತ್ತು ಯಾರೂ ಕೊಡಲಿ ಹಾಕದ ಕಾನು, ಇವೆಲ್ಲ ಹೆಚ್ಚುಕಡಿಮೆ ಒಂದೇ ಹಸಿರಾಗಿ ಕಾಣುತ್ತವೆ.

ಈ ತೊಡಕು ತರಗತಿಯೊಳಗೇ ಉಳಿಯಲಿಲ್ಲ. ಪಶ್ಚಿಮಘಟ್ಟದ ಸಂರಕ್ಷಣೆಯ ಕುರಿತು ಕೇಂದ್ರ ಸರ್ಕಾರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿಯ 2013ರ ವರದಿಯು 24 ಮೀಟರ್ ಸ್ಪಷ್ಟತೆಯ ಉಪಗ್ರಹ ಮಾಹಿತಿಯಿಂದ ಪಶ್ಚಿಮಘಟ್ಟದ ನೈಸರ್ಗಿಕ ಪ್ರದೇಶವನ್ನು ಜನವಸತಿ ಮತ್ತು ಕೃಷಿಯ ಪ್ರದೇಶದಿಂದ ಬೇರ್ಪಡಿಸಿ, ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು; ಈ ಮೂರು ತಾಲ್ಲೂಕುಗಳ ಅನೇಕ ಗ್ರಾಮಗಳು ಪಟ್ಟಿಯಲ್ಲಿ ಸೇರಿದವು. ತೋಟವನ್ನೂ ಕಾಡೆಂದು ಎಣಿಸಲಾಗಿದೆ, ಸ್ಥಳಕ್ಕೆ ಬಂದು ನೋಡಿ ಎಂದು ಬೆಳೆಗಾರರು ಸಭೆಗಳಲ್ಲಿ ಒತ್ತಾಯಿಸಿದರು. ಘಟ್ಟದ ಕಾಡು ಉಳಿಯಲೇಬೇಕು; ಅದಕ್ಕಾಗಿಯೇ ಯಾವುದು ಕಾಡು, ಯಾವುದು ತೋಟ ಎಂಬುದನ್ನು ಸರ್ವೆ ನಂಬರಿನ ಮಟ್ಟದಲ್ಲಿ ನಡೆದು ಗುರುತಿಸಬಲ್ಲವರು ಬೇಕು. ಪರದೆಯ ಮೇಲಿನ ವರ್ಗೀಕರಣವನ್ನು ನೆಲದೊಡನೆ ತಾಳೆ ನೋಡುವ ಕ್ಷೇತ್ರ ಪರಿಶೀಲನೆ ಇಂದಿಗೂ ಪಠ್ಯದಲ್ಲಿದೆ, ಆದರೆ ಹಿಂದೆ ವಾರಗಟ್ಟಲೆ ನಡೆಯುತ್ತಿದ್ದ ಆ ಕೆಲಸಕ್ಕೆ ಸೆಮಿಸ್ಟರ್ ಪದ್ಧತಿಯಲ್ಲಿ ಉಳಿದಿರುವ ಕಾಲ ತೀರ ಅಲ್ಪ.